ಏಳೆಂಟ್ಲ ಎಷ್ಟು? ಆರು ಸೆಕೆಂಡಲ್ಲಿ ಹೇಳು

ನಾವಿರುವ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಕ್ಕಳಿಗೆ ಬೇಸಿಗೆ ರಜೆ ಸಿಗುವುದು ಜುಲೈ ಕೊನೆಗೆ. ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಆಗ ಅಂಗಳಕ್ಕೆ ಕಾಲಿಡಲಾಗದಂಥ ಮಳೆ. ಹೋದ ವರ್ಷ ಊರಿಗೆ ಬಂದಾಗ ಮಗಳ ಚೀಲದಲ್ಲಿ ಶಾಲೆಯ ಎರಡು ಕೆಲಸಗಳೂ ಬಂದವು. ಅವಳ ಶಾಲೆಯಲ್ಲಿ ಅದಕ್ಕೆ ಹೋಮ್‌ವರ್ಕ್ ಅನ್ನುವುದಿಲ್ಲ, 'ಹೋಮ್ ಲರ್ನಿಂಗ್' ಅನ್ನುತ್ತಾರೆ. ರಜೆಯ ಬಗ್ಗೆ ಅರ್ಧ ಪುಟ ಬರೆಯಬೇಕು, ಮಗ್ಗಿ ಕಲಿಯಬೇಕು. ಅಷ್ಟೇ.

ಅರ್ಧ ಪುಟ ಅಂದದ್ದಕ್ಕೆ ಅಮ್ಮ ನಕ್ಕಳು. ನನಗೆ ದಿನಕ್ಕೆರಡು ಪುಟ ಕಾಪಿ ಬರೆಸಿದವಳು ಅವಳು. ಆದರೆ ಈ ಅರ್ಧ ಪುಟಕ್ಕೆ ಮೂರು ದಿನ ಹಿಡಿಯಿತು. ಅದರಲ್ಲಿ 'ಫ್ರಂಟೆಡ್ ಅಡ್ವರ್ಬಿಯಲ್' ಇರಬೇಕಂತೆ. ಯಾವಾಗ, ಎಲ್ಲಿ ಅನ್ನುವುದನ್ನು ವಾಕ್ಯದ ಮೊದಲಿಗೇ ತಂದು, ಅಲ್ಪವಿರಾಮ ಹಾಕುವುದು. ಇಂಗ್ಲೆಂಡಿನಲ್ಲಿ ಎಂಟು ಒಂಬತ್ತು ವರ್ಷದ ಮಕ್ಕಳ ವ್ಯಾಕರಣ ಪಾಠ ಇದು. 'ಮಳೆ ಬಿಟ್ಟ ಮೇಲೆ, ನಾವು ತೋಟಕ್ಕೆ ಹೋದೆವು' ಎಂದು ಉದಾಹರಣೆ ಕೊಟ್ಟೆ. "ಮತ್ತಿನ್ನು ಹೆಂಗೆ ಹೇಳ್ತಾರೆ?" ಅಂದಳು ಅಮ್ಮ. ಹೌದಲ್ವಾ! ಕೊನೆಗೆ ಮಗಳು ಬರೆದದ್ದು ಇದು: ಅಜ್ಜಿಯ ತೋಟದಲ್ಲಿ, ನನ್ನ ಕಾಲಿಗೆ ಮೂರು ಉಂಬಳ ಹತ್ತಿದವು. ಉಂಬಳಕ್ಕೆ, ಅಂದರೆ ಜಿಗಣೆಗೆ, ಇಂಗ್ಲಿಷಿನಲ್ಲಿ ಏನು ಅನ್ನುತ್ತಾರೆಂದು ಮಾತ್ರ ನನ್ನನ್ನು ಕೇಳಿದಳು.

ಇನ್ನು ಮಗ್ಗಿ. ಇಯರ್ ಫೋರ್, ಅಂದರೆ ಅದೇ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಜೂನ್‌ನಲ್ಲಿ ಮಗ್ಗಿ ಪರೀಕ್ಷೆ ಇರುತ್ತದೆ. ಅಲ್ಲಿನ ಸರ್ಕಾರಿ ಶಾಲೆಗಳಿಗೆ 2022ರಿಂದ ಕಡ್ಡಾಯ. ಸ್ಕ್ರೀನ್ ಮೇಲೆ 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು, 12×12ರವರೆಗೆ. ಪಾಸು ಫೇಲು ಇಲ್ಲ. ಅಭ್ಯಾಸಕ್ಕೆ ಆ್ಯಪ್ ಇತ್ತು. ಎರಡನೇ ದಿನವೇ ಕರೆಂಟ್ ಹೋಯಿತು, ಹಿಂದೆಯೇ ನೆಟ್‌ವರ್ಕ್ ಹೋಯಿತು. ಎಲೆಗೆ ಸುಣ್ಣ ಹಚ್ಚುತ್ತಾ ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ, "ಬಾ ಕೂಸೇ" ಅಂದರು. ಡಿಸಿ ಮಳೆ ರಜೆ ಕೊಟ್ಟಿದ್ದರಿಂದ ಪಕ್ಕದ ಮನೆಯ ಮಕ್ಕಳೂ ಸೇರಿಕೊಂಡವು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಮಳೆಯ ಸದ್ದಿಗಿಂತ ಜೋರಾಗಿ.

ನನಗೆ ತಲೆಬಿಸಿ. ಇವಳು ಕನ್ನಡದಲ್ಲಿ ಕಲಿತು, ಅಲ್ಲಿ ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಆರು ಸೆಕೆಂಡು ಮುಗಿದಿರುತ್ತದೆ. "ಇಂಗ್ಲಿಷಲ್ಲೇ ಹೇಳಿಕೊಡಿ" ಅಂದೆ. "ಅದಕ್ಕೆ ರಾಗ ಇಲ್ವಲ್ಲೇ" ಅಂದರು. ಅವಳ ಶಾಲೆಯಲ್ಲಿ 7×8 ಅಂದರೆ 7×4ರ ಎರಡರಷ್ಟು ಎಂದು ಬಿಡಿಸಿ ತೋರಿಸುತ್ತಾರೆ. ನನಗೆ ಅದು ಇಷ್ಟ. ಅಪ್ಪಯ್ಯನಿಗೆ ಆ ಉಸಾಬರಿಯೇ ಬೇಡ.

ತೊಡಕು ಬಂದದ್ದು ಬೇರೆ ಕಡೆ. ಅಪ್ಪಯ್ಯನ ಮಗ್ಗಿ ಇಪ್ಪತ್ತರವರೆಗೂ ಇದೆ, ಆದರೆ ಪ್ರತಿಯೊಂದೂ ಹತ್ತಕ್ಕೆ ನಿಲ್ಲುತ್ತದೆ. 7×12 ಬಂದರೆ ತಿರುಗಿಸಿ ಹನ್ನೆರಡೇಳ್ಲ ಎಂಬತ್ತನಾಲ್ಕು ಅನ್ನಬಹುದು. ಹನ್ನೊಂದು, ಹನ್ನೆರಡು ಎರಡೂ ಒಟ್ಟಿಗೆ ಬಂದರೆ ದಾರಿಯಿಲ್ಲ. ಅದಕ್ಕೆ ಕಂಬಳಿಯ ಮೇಲೆ ಚಾಲಿ ಅಡಿಕೆಯನ್ನು ಹನ್ನೆರಡು ಸಾಲು, ಸಾಲಿಗೆ ಹನ್ನೆರಡರಂತೆ ಇಟ್ಟು ಎಣಿಸಿದರು. 144. ಹನ್ನೆರಡೇ ಯಾಕೆ ಅಂತ ಅಪ್ಪಯ್ಯ ಕೇಳಿದರು. 1971ರವರೆಗೆ ಅಲ್ಲಿ ಒಂದು ಶಿಲ್ಲಿಂಗಿಗೆ 12 ಪೆನ್ಸ್ ಇತ್ತು, ಆ ಕಾಲದ ರೂಢಿ ಇರಬೇಕು ಅಂದೆ. "ನಮಗೂ ರೂಪಾಯಿಗೆ ಹದಿನಾರು ಆಣೆ ಇತ್ತು. ನಾವೇನು ಹದಿನಾರಕ್ಕೆ ನಿಲ್ಲಿಸಿದ್ವಾ?"

ಈ ಜೂನ್‌ನಲ್ಲಿ ಪರೀಕ್ಷೆ ಆಯಿತು. ಇಂಗ್ಲಿಷಿಗೆ ಹೇಗೆ ತಿರುಗಿಸಿದೆ ಎಂದು ಮಗಳನ್ನು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ತಿರುಗಿಸೋದು ಯಾಕೆ? ಅಲ್ಲಿ ಬರೀ ನಂಬರ್ ಬರುತ್ತೆ, ನಂಬರೇ ಒತ್ತೋದು." ಬಾಯೊಳಗೇ ಏಳೆಂಟ್ಲ ಅಂದುಕೊಂಡು 5, 6 ಒತ್ತಿದ್ದಾಳೆ. ನಾನು ವರ್ಷವಿಡೀ ಸುಮ್ನೆ ಹೆದರಿದ್ದೆ.

ಇಪ್ಪತ್ತೈದಕ್ಕೆ ಇಪ್ಪತ್ಮೂರು ಬಂತು ಎಂದು ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದೆ.

"ತಪ್ಪಿದ್ದು ಯಾವ್ಯಾವುದು? ಕೂಸಿಗೆ ಫೋನ್ ಕೊಡು" ಅಂದರು.