ಬಾಗಿಲು ಹಿಡಿದು ನಿಂತ ಹೋಸ್ಟ್

ಒಂದು ಐಎಸ್‌ಒ ಫೈಲಿನ (ಇಡೀ ಸಿಡಿಯನ್ನೇ ಒಂದು ಫೈಲಾಗಿಸಿದ್ದು) ಜೊತೆ ಗುದ್ದಾಡಿ ಈಗಷ್ಟೇ ಉಸಿರು ಬಿಟ್ಟೆ.

ಪುಟ್ಟ ಲಿನಕ್ಸ್ ಬೋರ್ಡೊಂದನ್ನು ಯುಎಸ್‌ಬಿ ಸಿಡಿ ಡ್ರೈವ್ ವೇಷ ಹಾಕಿಸಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದ್ದೆ. ಆ ಕಡೆಯ ಕಂಪ್ಯೂಟರಿಗೆ, ಅಂದ್ರೆ ಹೋಸ್ಟಿಗೆ, ಆ ಐಎಸ್‌ಒ ಒಂದು ಡಿಸ್ಕು, ಈ ಕಡೆ ನನಗೆ ಬರೀ ಒಂದು ಫೈಲು. ಇನ್‌ಸ್ಟಾಲ್ ಅರ್ಧಕ್ಕೇ ನಿಂತುಬಿಡ್ತು. ಹೋಗ್ಲಿ, ಬೇರೆ ಫೈಲ್ ಹಾಕೋಣ ಅಂತ ಬೋರ್ಡಲ್ಲಿ ಫೈಲ್ ಹೆಸರಿರೋ ಜಾಗಕ್ಕೆ ಖಾಲಿ ಬರೆದೆ, ಡಿಸ್ಕ್ ತೆಗೆದ ಹಾಗೆ. ಕರ್ನಲ್ (ಲಿನಕ್ಸಿನ ತಿರುಳು) ಅಂದಿದ್ದು: ಡಿವೈಸ್ ಬ್ಯುಸಿ. ಮತ್ತೆ ಬರೆದೆ. ಬ್ಯುಸಿ.

ನನ್ನದೇ ಬೋರ್ಡು, ನನ್ನದೇ ಫೈಲು, ಎಲ್ಲ ಅಧಿಕಾರ ಇರೋ ರೂಟ್ ಕೂಡ ನಾನೇ!

ಆಮೇಲೆ ಹೊಳೀತು. ಡಿಸ್ಕ್ ಮೌಂಟ್ ಮಾಡಿದ (ಬಳಸೋಕೆ ತೆರೆದ) ಹೋಸ್ಟು 'ಮೀಡಿಯಾ ತೆಗೀಬೇಡ' ಅಂತ ಸ್ಕಸಿಯಲ್ಲಿ, ಅಂದ್ರೆ ಡಿಸ್ಕುಗಳ ಜೊತೆ ಮಾತಾಡೋ ಭಾಷೆಯಲ್ಲಿ, ಒಂದು ಕಮಾಂಡ್ ಕಳಿಸಿರತ್ತೆ. ನಿಜವಾದ ಸಿಡಿ ಡ್ರೈವಲ್ಲಿ ಗುಂಡಿ ಒತ್ತಿದ್ರೂ ಟ್ರೇ ಹೊರಗೆ ಬರಲ್ವಲ್ಲ, ಅದೇ ಬೀಗ. ಇಲ್ಲಿ ಟ್ರೇನೂ ಇಲ್ಲ, ಗುಂಡಿನೂ ಇಲ್ಲ. ಬೋರ್ಡಿನ ಡ್ರೈವರೊಳಗೆ ಒಂದು ಫ್ಲ್ಯಾಗ್, ಅಂದ್ರೆ ಹೌದು-ಇಲ್ಲ ಅನ್ನೋ ಗುರುತು, ಮಾತ್ರ. ಹೋಸ್ಟ್ ಹ್ಯಾಂಗ್ ಆದ್ರೆ ಆ ಬೀಗ ತೆಗೆಯೋರು ಯಾರು?

ಹೊಸ ಕರ್ನಲ್‌ಗಳಲ್ಲಿ ಇದಕ್ಕಂತಲೇ 'ಫೋರ್ಸ್ಡ್ ಇಜೆಕ್ಟ್' ಅನ್ನೋ ಫೈಲಿದೆ. ಅದಕ್ಕೆ 1 ಅಂತ ಬರೆದ್ರೆ ಫ್ಲ್ಯಾಗ್ ಅಳಿಸಿ, ಫೈಲ್ ಬಿಡಿಸಿಕೊಡತ್ತೆ. ಕೇಬಲ್ ಕೀಳಬೇಕಾಗಿಲ್ಲ, ವೇಷ ಕಳಚಬೇಕಾಗಿಲ್ಲ. ಹೋಸ್ಟಿಗೆ ಮುಂದಿನ ಸಲ ಓದಕ್ಕೆ ಹೋದಾಗ 'ಡಿಸ್ಕೇ ಇಲ್ಲ' ಅನ್ನೋ ಉತ್ತರ ಸಿಗತ್ತೆ, ಅಷ್ಟೇ. (ನಂದು ಓದೋಕೆ ಮಾತ್ರ ಇದ್ದ ಸಿಡಿ, ಬಚಾವ್. ಬರೆಯೋ ಡಿಸ್ಕಾಗಿದ್ರೆ ಹೋಸ್ಟಿನ ಮೆಮೊರಿಯಲ್ಲೇ ಉಳಿದಿದ್ದ ಡೇಟಾ ಗೋವಿಂದ.)

ಒಂದೇ ಒಂದು ಅಂಕಿ ಬರೆದೆ, ಬಿಟ್ಟುಕೊಡ್ತು. ಹೊಸ ಫೈಲ್ ಹಾಕಿದೀನಿ, ಇನ್‌ಸ್ಟಾಲ್ ಮತ್ತೆ ಮೊದಲಿಂದ ಓಡ್ತಿದೆ. ಅಷ್ಟು ಸುಲಭಕ್ಕೆ ತೆರೆಯೋ ಬೀಗಕ್ಕೆ ಇಷ್ಟು ಹೊತ್ತು ಮರ್ಯಾದೆ ಕೊಟ್ಟೆನಲ್ಲ ಅಂತ ಯಾಕೋ ನಗು ಬರ್ತಿದೆ.