ಕೆಂಪಿಯ 21 ದಿನ, ಒಂದು ಥರ್ಮಾಮೀಟರ್

ಫೆಬ್ರುವರಿ 8, 2024, ಗುರುವಾರ
ಸೋಮವಾರಪೇಟೆ

ಬೆಳಿಗ್ಗೆ ಆರೂವರೆ. ಹಂದಿಗೂಡಿನ ಶೀಟಿನಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿತ್ತು. ನಮ್ಮ ಹೆಣ್ಣು ಹಂದಿ ಕೆಂಪಿ ತಿನ್ನೋಕೆ ಬಾಯಿ ಹಾಕಿದ ಮೇಲೆ ಹಿಂದಿನಿಂದ ಹೋದೆ. ಥರ್ಮಾಮೀಟರಿಗೆ ಕೊಬ್ಬರಿ ಎಣ್ಣೆ ಸವರಿ, ಗುದದೊಳಗೆ ಮೆಲ್ಲಗೆ ಬಿಟ್ಟು, ತುದಿ ಪಕ್ಕಕ್ಕೆ ತಾಗುವ ಹಾಗೆ ಸ್ವಲ್ಪ ಓರೆ ಹಿಡಿದೆ. ಸಗಣಿಯ ನಡುವೆ ಹೋಗಿ ನಿಂತರೆ ಲೆಕ್ಕ ತಪ್ಪುತ್ತದೆ. ಹಿಂಬದಿಗೆ ದಾರ ಕಟ್ಟಿದ್ದೇನೆ, ಒಳಗೆ ಜಾರಿ ಹೋಗಬಾರದು ಅಲ್ವಾ. ಬೀಪ್ ಅಂತು. 38.8 ಡಿಗ್ರಿ ಸೆಲ್ಸಿಯಸ್.

ಜನವರಿ 18ಕ್ಕೆ ಬೆದೆಗೆ ಬಂದಿದ್ದಳು. ಇನ್ನೂ ಎಳೆಯದು, ಮೈ ತುಂಬಲಿ ಅಂತ ಆ ಸಲ ಗಂಡು ಬಿಡಲಿಲ್ಲ. ಅವತ್ತಿನಿಂದ ದಿನಾ ಅಳೆದು ಬರೆಯುತ್ತಿದ್ದೇನೆ. ಬೆದೆಗೆ ಬಂದಾಗ ಇಡೀ ಮೈ ಬಿಸಿಯಾಗುತ್ತದೆ ಅಂತ ನಾನು ತಿಳಿದಿದ್ದೆ. ಪುಸ್ತಕ ತಿರುವಿದರೆ 38.6, 38.7, 38.8, ಮತ್ತೆ 38.6. ಇವತ್ತಿನದೂ ಅದರೊಳಗೇ ಇದೆ. ಒಂದು ದಿನ ಮಧ್ಯಾಹ್ನ ಅಳೆದಾಗ 39.2 ಇತ್ತು, ಅದು ಬಿಸಿಲಿನ ಕೆಲಸ. ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳೋಕೆ ಹಂದಿಗೆ ಆಗುವುದಿಲ್ಲ. ಅದಕ್ಕೇ ಹೊತ್ತು ಬದಲಿಸದೆ ಅಳೆಯಬೇಕು.

ಬದಲಾವಣೆ ಕಂಡದ್ದು ಬೇರೆ ಕಡೆ. ಕೊರೋನಾ ಕಾಲದ ಗನ್ ಥರ್ಮಾಮೀಟರನ್ನು ಯೋನಿಯ ತುಟಿಗೆ ಹಿಡಿದೆ. ಮೊನ್ನೆಗಿಂತ ಒಂದು ಡಿಗ್ರಿಗೂ ಜಾಸ್ತಿ. ಬೆದೆ ಹತ್ತಿರವಾದಾಗ ಅಲ್ಲಿಗೆ ರಕ್ತ ಹೆಚ್ಚು ಹರಿದು ಊದಿಕೊಳ್ಳುತ್ತದೆ. ಮೊಟ್ಟೆ ಬಿಡುಗಡೆ ಆಗುವ ಮೊದಲೇ ಆ ಬಿಸಿ ಇಳಿಯುತ್ತದೆ. ಬಿಳಿ ಯಾರ್ಕ್‌ಶೈರ್ ತಳಿ ಆದರೆ ಕೆಂಪಾದದ್ದು ದೂರದಿಂದಲೇ ಕಾಣುತ್ತೆ. ಕೆಂಪಿ ಡ್ಯುರಾಕ್ ತಳಿ, ಅವಳ ಕೆಂಪು ಬಣ್ಣದಲ್ಲಿ ಅದು ತಿಳಿಯುವುದೇ ಕಷ್ಟ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬೆನ್ನು ಒತ್ತಿ ನೋಡೋ, ಅವಳೇ ಹೇಳ್ತಾಳೆ." ಪಕ್ಕದ ಗೂಡಿನಲ್ಲಿ ಗಂಡು ಹಂದಿ ಮೂಸುತ್ತಿತ್ತು. ಎರಡೂ ಅಂಗೈ ಊರಿ ಸೊಂಟದ ಮೇಲೆ ಒತ್ತಿದೆ. ನಾಲ್ಕೂ ಕಾಲು ಬಿಗಿಮಾಡಿ, ಕಿವಿ ನಿಮಿರಿಸಿ, ಕಲ್ಲಿನ ಹಾಗೆ ನಿಂತಳು. ಮೇವು ಬಾಯಲ್ಲೇ ಉಳಿದಿತ್ತು. ಬೆದೆಗೆ ಇದಕ್ಕಿಂತ ನಂಬಿಕೆಯ ಗುರುತು ಇಲ್ಲ, ಅಮ್ಮ ಹೇಳಿದ್ದೇ ಸರಿ.

ಹಾಗಂತ ದಿನಾ ಬರೆದದ್ದು ಸುಮ್ನೆ ಹೋಗಲಿಲ್ಲ. ಹನ್ನೊಂದನೇ ದಿನ 40.3 ತೋರಿಸಿತು. ಮೇವು ಅರ್ಧಂಬರ್ಧ ತಿಂದಿದ್ದಳು ಅಷ್ಟೇ, ಬೇರೆ ಏನೂ ಕಾಣುತ್ತಿರಲಿಲ್ಲ. ಅವಳ ದಿನದ ಬಿಸಿ ಎಷ್ಟು ಅಂತ ಗೊತ್ತಿದ್ದದ್ದಕ್ಕೆ ಅವತ್ತೇ ಡಾಕ್ಟರನ್ನು ಕರೆಸಿದೆ. ಮೂರು ದಿನದಲ್ಲಿ ಇಳಿಯಿತು. ಗಬ್ಬ ನಿಂತ ಹೊಸದರಲ್ಲಿ ಇಂಥ ಜ್ವರ ಬಂದರೆ ಗಬ್ಬವೇ ಹೋಗಬಹುದು. ಆದ್ದರಿಂದ ಅಳೆಯುವುದನ್ನು ಬಿಡುವುದಿಲ್ಲ.

ಇವತ್ತು ಸಂಜೆ ಒಂದು ಸಲ, ನಾಳೆ ಬೆಳಿಗ್ಗೆ ಇನ್ನೊಂದು ಸಲ ಗಂಡು ಬಿಡುತ್ತೇನೆ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಅದಕ್ಕೇ ಫೆಬ್ರುವರಿ 29ಕ್ಕೆ ಮತ್ತೆ ಬೆನ್ನು ಒತ್ತಿ ನೋಡಬೇಕು. ಅವತ್ತು ನಿಲ್ಲದೆ ಓಡಿಹೋದರೆ ಗಬ್ಬ ನಿಂತಿರುವ ಆಸೆ ಇದೆ. ಗಬ್ಬದ 114 ದಿನ ಎಣಿಸಿದರೆ ಮರಿ ಹಾಕುವುದು ಜೂನ್ 1ಕ್ಕೆ. ಮಳೆ ಹಿಡಿಯುವ ಹೊತ್ತು, ಮರಿಗಳಿಗೆ ಬಲ್ಬು ಮತ್ತು ಒಣ ಹುಲ್ಲು ಮೊದಲೇ ತೆಗೆದಿಡಬೇಕು.