ಬಿಲ್ ಮನೇಲಿದೆ ಅಂದರೆ ದುಡ್ಡು ಗಲ್ಲಾದಲ್ಲೇ

ಹಳೇ ಮೊಬೈಲ್ ಕೊಂಡು ಮಾರುವ ಅಂಗಡಿಯಲ್ಲಿ ನನ್ನ ಕೆಲಸ. ಕದ್ದ ಫೋನ್ ತರುವವನು ಕಳ್ಳನ ಥರ ಕಾಣುವುದಿಲ್ಲ. ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದು, "ಅರ್ಜೆಂಟ್ ಇದೆ ಅಣ್ಣಾ, ಎಷ್ಟಾದ್ರೂ ಕೊಡಿ" ಅನ್ನುತ್ತಾನೆ. ಎಷ್ಟಾದ್ರೂ ಅಂದವನ ಹತ್ತಿರ ನಾನು ಚೌಕಾಸಿಗೆ ಇಳಿಯುವುದಿಲ್ಲ, ಫೋನ್ ನೋಡುತ್ತೇನೆ.

ಮೊದಲು *#06# ಒತ್ತಿ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ತೆಗೆಯುತ್ತೇನೆ. ಎರಡು ಸಿಮ್ ಇದ್ದರೆ ಎರಡು ನಂಬರ್, ಎರಡನ್ನೂ ನೋಡಬೇಕು. ಬಾಕ್ಸ್, ಬಿಲ್ಲಿನ ಜೊತೆ ತಾಳೆಯಾಗದಿದ್ದರೆ ಅಲ್ಲಿಗೇ ಮುಗೀತು. ತಾಳೆಯಾದರೆ ಸಂಚಾರ್ ಸಾಥಿ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಹಾಕಿ, ಕಳೆದುಹೋಗಿದೆ ಅಂತ ಯಾರಾದರೂ ಬ್ಲಾಕ್ ಮಾಡಿಸಿದ್ದಾರಾ ನೋಡುತ್ತೇನೆ. ಕೇಂದ್ರ ಸರ್ಕಾರ 2023ರ ಮೇನಲ್ಲಿ ಇದನ್ನು ದೇಶಕ್ಕೆಲ್ಲ ತೆರೆದ ಮೇಲೆ ನಮ್ಮ ವ್ಯಾಪಾರಕ್ಕೆ ದೊಡ್ಡ ಆಸರೆಯಾಯಿತು.

ಆದರೆ ಹೊಸ ಹುಡುಗರು ಎಡವುವುದು ಇಲ್ಲೇ. ಬ್ಲಾಕ್ ಇಲ್ಲ ಅಂತ ಬಂದರೆ ಕದ್ದದ್ದಲ್ಲ ಅಂತ ಅರ್ಥವಲ್ಲ. ಬೆಳಗ್ಗೆ ಬಸ್ಸಲ್ಲಿ ಹೊಡೆದ ಫೋನ್ ಮಧ್ಯಾಹ್ನಕ್ಕೆ ಅಂಗಡಿಗೆ ಬರಬಹುದು. ಅಷ್ಟೊತ್ತಿಗೆ ಮಾಲೀಕರು ಇನ್ನೂ ಸ್ಟೇಷನ್ನಿನಲ್ಲೇ ಕೂತಿರುತ್ತಾರೆ. ಅರ್ಜಿ ಹಾಕಿದ ಮೇಲೂ ಬ್ಲಾಕ್ ಆಗಲು 24 ಗಂಟೆವರೆಗೆ ಹಿಡಿಯಬಹುದು.

ಹಾಗಾಗಿ ನಾನು ಜಾಸ್ತಿ ನಂಬುವುದು ಅಕೌಂಟ್ ಲಾಕನ್ನು, ಅಂದರೆ ಫೋನ್ ಅಳಿಸಿದರೂ ಮಾಲೀಕರ ಐಡಿ, ಪಾಸ್‌ವರ್ಡ್ ಕೇಳುವ ಬೀಗವನ್ನು. "ನನ್ನೆದುರಿಗೇ ಗೂಗಲ್ ಐಡಿ ತೆಗೆದು, ಸೆಟ್ಟಿಂಗ್ಸ್‌ಗೆ ಹೋಗಿ ರೀಸೆಟ್ ಮಾಡಿ ಕೊಡಿ" ಅನ್ನುತ್ತೇನೆ. ಸ್ವಂತ ಫೋನಾದರೆ ಎರಡು ನಿಮಿಷದ ಕೆಲಸ. ಕಳ್ಳನಿಗೆ ಪಿನ್ ಗೊತ್ತಿರಲ್ಲ. ಪವರ್, ವಾಲ್ಯೂಮ್ ಬಟನ್ ಒತ್ತಿ ಅಳಿಸಿ ತಂದಿರುತ್ತಾನೆ. ಆನ್ ಮಾಡಿದರೆ ಹಳೇ ಜಿಮೇಲ್ ಕೇಳುತ್ತೆ. ಆಗ ಶುರು: "ತಂಗಿ ಫೋನು, ಪಾಸ್‌ವರ್ಡ್ ಮರೆತಿದ್ದಾಳೆ, ಬಿಲ್ ಮನೇಲಿದೆ." ಪಾಪ ತಂಗಿ. ಫೋನನ್ನೂ ಬಿಲ್ಲನ್ನೂ ತಂಗಿಯೇ ತರಲಿ ಅನ್ನುತ್ತೇನೆ.

ಐಫೋನಿಗೆ ಈ ಲಾಕ್ 2013ರಲ್ಲಿ ಬಂತು, ಆಂಡ್ರಾಯ್ಡ್‌ಗೆ 2015ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ಅದೇ 2015ರ ಜುಲೈಯಿಂದ ಹೊಸ ಸ್ಮಾರ್ಟ್‌ಫೋನುಗಳಿಗೆ ಇಂಥ ಲಾಕನ್ನು ಕಡ್ಡಾಯ ಮಾಡಿತು. ಬೇಕಿದ್ದವರು ಆನ್ ಮಾಡಿಕೊಳ್ಳಲಿ ಅಂತ ಬಿಟ್ಟಿದ್ದರೆ ಎಷ್ಟು ಜನ ಮಾಡಿಕೊಳ್ಳುತ್ತಿದ್ದರು ಹೇಳಿ?

ಹಾಗಂತ ಕಳ್ಳತನ ನಿಂತಿಲ್ಲ. ಲಾಕ್ ಆದ ಫೋನ್ ಇಡಿಯಾಗಿ ಹೋಗದಿದ್ದರೆ ಡಿಸ್‌ಪ್ಲೇ, ಕ್ಯಾಮೆರಾ, ಬ್ಯಾಟರಿ ಅಂತ ಬಿಡಿ ಬಿಡಿಯಾಗಿ ಹೋಗುತ್ತೆ. ಆಪಲ್ 2024ರಲ್ಲಿ ಬಿಡಿಭಾಗಕ್ಕೂ ಲಾಕ್ ತಂದಿತು. ಇನ್ನು ಐಎಂಇಐ ಬದಲಿಸಿಕೊಡ್ತೀನಿ ಅನ್ನುವವರು ಇದ್ದೇ ಇದ್ದಾರೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಅಂಥವರ ವಿಸಿಟಿಂಗ್ ಕಾರ್ಡನ್ನೂ ಗಲ್ಲಾದಲ್ಲಿ ಇಟ್ಟುಕೊಳ್ಳಬೇಡಿ.

ಫೋನ್ ಕಳಕೊಂಡು ಬರುವವರಿಗೆ ನಾನು ಹೇಳುವುದು ಇಷ್ಟೇ. ಮೊದಲು ಪೊಲೀಸ್ ದೂರು ಕೊಡಿ, ಅದೇ ನಂಬರಿನ ಸಿಮ್ ತಗೊಳ್ಳಿ, ಒಟಿಪಿ ಬರಬೇಕಲ್ವಾ? ಆಮೇಲೆ ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿಸಿ. ಬ್ಲಾಕ್ ಆದ ಮೇಲೆ ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತೆ. "ನಿಮ್ಮ ಐಫೋನ್ ಸಿಕ್ಕಿದೆ, ಲಿಂಕ್ ಒತ್ತಿ" ಅಂತ ಮೆಸೇಜ್ ಬಂದರೆ ಒತ್ತಲೇಬೇಡಿ. ಲಾಕ್ ಬಿಡಿಸಲಾಗದವರು ಪಾಸ್‌ವರ್ಡನ್ನು ನಿಮ್ಮಿಂದಲೇ ಕೇಳುತ್ತಿರುತ್ತಾರೆ.